ಅಕ್ಕ ಕೊಟ್ಟ ತೂಕದ ಮಷೀನು

ನಲವತ್ತೊಂದು ದಿನ, ನಲವತ್ತೊಂದು ಸಾಲು, ಎಲ್ಲ ಸಾಲಿನಲ್ಲೂ ನೂರ ಹದಿನೆಂಟು. ಲೆಸಿಯೇಲಿ ಆ ಪುಸ್ತಕವನ್ನು ಮೊದಲಿಂದ ಕೊನೆಗೆ ತಿರುವಿದಳು, ಕೊನೆಯಿಂದ ಮೊದಲಿಗೂ ತಿರುವಿದಳು. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದವಳು. ಉಸಿರಾಡುವ ಯಾವ ಪ್ರಾಣಿಯ ತೂಕವೂ ಹೀಗೆ ಗೂಟ ಹೊಡೆದ ಹಾಗೆ ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಮೆಲೆನೈಟೆ, ಇದು ನನ್ನ ತಮ್ಮನ ತೂಕಾನೋ, ಚರ್ಚಿನ ಗಂಟೆ ತೂಕಾನೋ?"

ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ ಕೂತಿದ್ದ ತಮ್ಮನ ಹೆಂಡತಿ, ಊರಿನ ರೂಢಿಯಂತೆ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆಯ ಅಂಚಿನಿಂದ ಒಂದೊಂದೇ ನಾರು ಕೀಳುತ್ತಿದ್ದಳು. "ಅವರದ್ದೇ ಅಕ್ಕಾ," ಎಂದಳು.

"ಒಂದು ದಿನಾನೂ ಅರ್ಧ ಕೇಜಿ ಆಚೀಚೆ ಆಗಿಲ್ವಾ?"

"ನೂರ ಹದಿನೆಂಟು ಇರ್ಬೇಕು ಅಂತ ಡಾಕ್ಟ್ರೇ ಹೇಳಿದ್ರಲ್ಲ."

ಲೆಸಿಯೇಲಿ ಹಲ್ಲು ಕಚ್ಚಿ ಮುಂದಿನ ಪ್ರಶ್ನೆಗೆ ಹೋದಳು. "ಸರಿ. ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತಾನೆ ಅಂತ ಕೇಳ್ಕೊಂಡು ಬಾ ಅಂದಿದ್ದೆ. ಕೇಳಿದ್ಯಾ?"

"ಕೇಳಿದೆ." ಮೆಲೆನೈಟೆ ಪಕ್ಕದಲ್ಲಿದ್ದ ದೊಡ್ಡ ಚೀಲವನ್ನು ಮುಂದಕ್ಕೆ ತಳ್ಳಿದಳು. ಒಳಗೆ ಕಸೂತಿ ಹಾಕಿದ ಎರಡು ದಿಂಬುಗಳಿದ್ದವು. "ಅಕ್ಕ ದಿಂಬಿನ ವಿಷಯ ಕೇಳಿದ್ದಾಳೆ ಅಂದ್ರೆ ಬೇಕಾಗಿರುತ್ತೆ, ಒಳ್ಳೇದು ನೋಡಿ ಕೊಟ್ಟು ಬಾ ಅಂದ್ರು."

ಇಂಥವರ ಜೊತೆ ಏಗುವುದು ಹೇಗೆ? ಆದರೆ ಬೈಯುವುದಾದರೂ ಯಾರನ್ನು? ಟೋಂಗಾ ದ್ವೀಪಗಳಲ್ಲಿ ಅಕ್ಕನೆಂದರೆ ತಮ್ಮನಿಗಿಂತ ಒಂದು ಮೆಟ್ಟಿಲು ಮೇಲೆ. ಅವಳು ಬಾಯಿಬಿಟ್ಟು ಹೆಸರಿಸಿದ ವಸ್ತು ಸಂಜೆಯೊಳಗೆ ಅವಳ ಮನೆ ಸೇರಬೇಕು. ಅದೇ ಅಕ್ಕ, ತಮ್ಮನಿಗೆ ಹತ್ತು ತುಂಬಿದ ಮೇಲೆ ಅವನ ಜೊತೆ ಒಂದು ಕೋಣೆಯಲ್ಲಿ ಕೂರುವಂತಿಲ್ಲ, ಅವನ ಮೈಯ ವಿಷಯ ಎತ್ತುವಂತಿಲ್ಲ, ಅವನೂ ಅವಳದನ್ನು ಎತ್ತುವಂತಿಲ್ಲ. ತಮ್ಮ ಸೊಸಾಯಿಯಾನ ಮನೆಯ ಹಂದಿಗಳನ್ನೆಲ್ಲ ಲೆಸಿಯೇಲಿ ಒಂದೇ ಮಾತಿಗೆ ಹೊಡೆದುಕೊಂಡು ಬರಬಹುದಿತ್ತು. 'ರಾತ್ರಿ ಉಸಿರು ಕಟ್ಟಿ ದಿಂಬು ಏರಿಸಬೇಕಾಗುತ್ತದೆಯೇನೋ?' ಎಂದು ಮಾತ್ರ ಕೇಳುವ ಹಾಗಿರಲಿಲ್ಲ. ಹಾಗಾಗಿ ಪ್ರಶ್ನೆಗಳೆಲ್ಲ ಮೆಲೆನೈಟೆಯ ಮೂಲಕವೇ ಹೋಗಿ, ದಿಂಬುಗಳಾಗಿ ವಾಪಸು ಬರುತ್ತಿದ್ದವು.

"ಕಾವಾ ಬಿಟ್ಟಿದಾನಾ?"

"ನೀರು ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು ಅಂದಿದ್ರಿ. ಬಾಟ್ಲಿಗೆ ಗೆರೆ ಎಳೆದಿಟ್ಟಿದೀನಿ. ಒಂದು ತೊಟ್ಟು ಜಾಸ್ತಿ ಕುಡಿಯಲ್ಲ."

"ನಾನು ಕಾವಾ ಕೇಳಿದ್ದು."

"ಕಾವಾ ನೀರಲ್ವಲ್ಲ ಅಕ್ಕಾ, ಬೇರಿನ ರಸ ಅದು," ಎಂದಳು ಮೆಲೆನೈಟೆ, ಎಳೆ ಮಗುವಿಗೆ ತಿಳಿಹೇಳುವ ಹಾಗೆ. "ಊರಿನ ದೊಡ್ಡವರು ಕೂತಿರೋವಾಗ ಇವರು ಕಾವಾ ಚಿಪ್ಪು ಹಿಂದಕ್ಕೆ ತಳ್ಳೋಕಾಗುತ್ತಾ? ಮರ್ಯಾದೆ ಪ್ರಶ್ನೆ."

ಲೆಸಿಯೇಲಿ ಹಣೆ ಚಚ್ಚಿಕೊಂಡಳು. ಹಣೆ ಚಚ್ಚಿಕೊಳ್ಳುವುದು ಈಚೆಗೆ ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಮಾರ್ಚಿನಲ್ಲಿ ಶುರುವಾದ ಗೋಳು ಇದು. ಸೊಸಾಯಿಯಾ ಚರ್ಚಿನ ಹಾಡುಗಾರರ ಮುಖಂಡ. ನಲವತ್ತು ಗಂಟಲುಗಳನ್ನು ಒಂದು ಕೈಯಲ್ಲಿ ಏಳಿಸಿ ಕೂರಿಸುವವನು. ಅವನು ಹಾಡಿನ ನಡುವೆ ಕೈ ಇಳಿಬಿಟ್ಟು ಕಂಬಕ್ಕೆ ಒರಗಿದ್ದನ್ನು ಲೆಸಿಯೇಲಿ ಹೆಂಗಸರ ಸಾಲಿನಿಂದ ಕಂಡಳು. ಪಾದ ಊದಿದ್ದನ್ನೂ ಕಂಡಳು. ಹೊಸ ಚಪ್ಪಲಿ ಬಿಗಿಯಾಗಿದೆ ಎಂದು ಉತ್ತರ ಬಂತು. ಅವರ ಅಪ್ಪನೂ ಹೀಗೆಯೇ ಚಪ್ಪಲಿಯ ಮೇಲೆ ತಪ್ಪು ಹೊರಿಸಿ ಐವತ್ತೊಂದಕ್ಕೆ ಹೋದವನು. ಸೊಸಾಯಿಯಾನಿಗೆ ಈಗ ನಲವತ್ತೊಂಬತ್ತು.

ರಾಜಧಾನಿಯಿಂದ ಮೂರು ತಿಂಗಳಿಗೊಮ್ಮೆ ಬರುವ ಡಾಕ್ಟರ್ ಹಲಾಪುವಾ ಆಗ ಊರಲ್ಲಿದ್ದದ್ದು ಪುಣ್ಯ. ಎಕೋ ಸ್ಕ್ಯಾನ್ ಮಾಡಿ ನೋಡಿದರು. ಹೃದಯದ ಎಡಗೋಣೆ ಹಿಗ್ಗಿ, ಗೋಡೆ ತೆಳುವಾಗಿ, ಒಳಗೆ ಬಂದ ರಕ್ತದಲ್ಲಿ ನೂರಕ್ಕೆ ಇಪ್ಪತ್ತೈದು ಪಾಲನ್ನಷ್ಟೇ ಹೊರಕ್ಕೆ ತಳ್ಳುತ್ತಿತ್ತು. ಐವತ್ತೈದಾದರೂ ತಳ್ಳಬೇಕಾದದ್ದು. ಹೃದಯದ ಸ್ನಾಯುವಿನದೇ ರೋಗ, ಮನೆತನದಲ್ಲಿ ಇಳಿದು ಬರುವಂಥದ್ದು, ಒಡಹುಟ್ಟಿದವರ, ಮಕ್ಕಳ ಎದೆಯನ್ನೂ ನೋಡಿ ಪಟ್ಟಿ ಬರೆದಿಡು ಎಂದರು. ನಾಲ್ಕು ಬಗೆಯ ಮಾತ್ರೆ, ಉಪ್ಪು ಬಂದ್, ನೀರಿಗೆ ಲೆಕ್ಕ, ಬೆಳಗೆದ್ದು ತೂಕ. ಮೂರು ದಿನದಲ್ಲಿ ಎರಡು ಕೇಜಿ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು, ಕೂಡಲೇ ಫೋನ್ ಮಾಡಿ ಎಂದು ಹೇಳಿಹೋದರು. ತಮ್ಮನ ಮನೆಯಲ್ಲಿ ತೂಕದ ಮಷೀನು ಇರಲಿಲ್ಲ. ಲೆಸಿಯೇಲಿ ತನ್ನದನ್ನೇ ಕಳಿಸಿದ್ದಳು.

"ನಡಿ, ನಿಮ್ಮ ಮನೆಗೆ ಹೋಗೋಣ. ಆ ಮಷೀನು ಕೆಟ್ಟಿರ್ಬೇಕು," ಎಂದು ಲೆಸಿಯೇಲಿ ಎದ್ದಳು.

ಸೊಸಾಯಿಯಾ ಹಾಡಿನ ಅಭ್ಯಾಸಕ್ಕೆ ಹೋಗಿರುತ್ತಾನೆ, ಭಯವಿಲ್ಲ. ದಾರಿಯ ಏರಿನಲ್ಲಿ ಲೆಸಿಯೇಲಿ ಎರಡು ಸಲ ನಿಂತಳು. ಒಮ್ಮೆ ಹಲಸಿನಂಥ ಬ್ರೆಡ್‌ಫ್ರೂಟ್ ಕಾಯಿ ಎಷ್ಟು ಬಿಟ್ಟಿದೆ ನೋಡು ಎಂದಳು, ಇನ್ನೊಮ್ಮೆ ಸಮುದ್ರದ ಕಡೆ ನೋಡಿ ಗಾಳಿ ಜೋರಾಗುತ್ತಿದೆ ಎಂದಳು. ಮೆಲೆನೈಟೆ ಎರಡು ಸಲವೂ ಪಕ್ಕದಲ್ಲೇ ನಿಂತು ಕಾದಳು.

ಮಷೀನು ಕೆಟ್ಟಿರಲಿಲ್ಲ. ನಡುಮನೆಯ ಗಾಜಿನ ಬೀರುವಿನ ಮೇಲೆ, ಅಪ್ಪನ ಫೋಟೋ ಪಕ್ಕದಲ್ಲಿ, ಲೇಸಿನ ಹೊದಿಕೆ ಹೊದ್ದು ಕೂತಿತ್ತು. ಸುತ್ತಲೂ ಕವಡೆಯ ಹಾರ ಬೇರೆ.

"ಇದೇನೇ ಇದು?"

"ನಿಮ್ಮ ಮಷೀನು ಅಕ್ಕಾ. ದಿನಾ ಧೂಳು ಒರೆಸ್ತೀನಿ."

"ಇದರ ಮೇಲೆ ಹತ್ತಿ ನಿಲ್ಲೋಕೆ ಅಲ್ವೇನೇ ಕೊಟ್ಟಿದ್ದು!"

ಮೆಲೆನೈಟೆಯ ಮುಖ ಬಿಳಿಚಿತು. "ನೀವು ನಿಮ್ಮ ಮಲಗೋ ಕೋಣೆಯಿಂದ ತಂದುಕೊಟ್ಟಿದ್ದು. ನೀವು ದಿನಾ ಪಾದ ಇಟ್ಟ ವಸ್ತು. ಅದರ ಮೇಲೆ ಅವರು ಪಾದ ಇಡೋದಾ? ಪ್ರಾಣ ಹೋದ್ರೂ ಇಡಲ್ಲ ಅಂದ್ರು."

"ಮತ್ತೆ ಪುಸ್ತಕದಲ್ಲಿ ಬರೆದಿದ್ದು?"

"ಖಾಲಿ ಬಿಟ್ರೆ ನಿಮಗೆ ಬೇಜಾರಾಗುತ್ತೆ ಅಂತ ನಾನೇ..." ಎಂದು ಮೆಲೆನೈಟೆ ಅಳತೊಡಗಿದಳು.

ಲೆಸಿಯೇಲಿಗೆ ರೇಗಿ ರೇಗಿ, ಕೊನೆಗೆ ರೇಗುವುದಕ್ಕೆ ತಾನೊಬ್ಬಳೇ ಉಳಿದಳು. ಇದು ತನಗೆ ಹೊಳೆಯಬೇಡವೇ? ಚಿಕ್ಕಂದಿನಲ್ಲಿ ಅವಳ ಚಾಪೆ ಬಾಗಿಲಿಗೆ ಅಡ್ಡ ಹಾಸಿದ್ದರೆ ಸೊಸಾಯಿಯಾ ಅದನ್ನು ದಾಟದೆ ಹಿತ್ತಿಲಿನಿಂದ ಸುತ್ತಿ ಬರುತ್ತಿದ್ದ. ಅಂಥವನಿಗೆ ತನ್ನ ಕಾಲಡಿಯ ಮಷೀನು ಕಳಿಸಿ, ಮೇಲೆ ಹತ್ತಿ ನಿಲ್ಲು ಎಂದರೆ? ಅಂಗಡಿಯಿಂದ ಹೊಸತೊಂದನ್ನು ಬೇರೆ ಯಾರ ಕೈಯಲ್ಲಾದರೂ ಕೊಡಿಸಿದ್ದರೆ ಮುಗಿಯುತ್ತಿತ್ತು. ಮೂವತ್ತು ವರ್ಷ ನರ್ಸ್ ಅಂತೆ! ನಲವತ್ತೊಂದು ದಿನ ತಮ್ಮನ ಮೈಯಲ್ಲಿ ನೀರು ಏರುತ್ತಿದ್ದರೆ, ತಾನು ನೂರ ಹದಿನೆಂಟನ್ನು ನೋಡಿ ತಲೆಯಾಡಿಸುತ್ತ ಕೂತಿದ್ದಳು.

ಹಡಗುಕಟ್ಟೆಯಲ್ಲಿ ಸಾಮಾನು ತೂಗುವ ತಕ್ಕಡಿಯೊಂದಿದೆ. ಅದರ ಮೇಲೆ ಕಾವಾ ಬೇರಿನ ಮೂಟೆ ನಿಲ್ಲುತ್ತದೆ, ಹಂದಿ ನಿಲ್ಲುತ್ತದೆ, ಅದು ಯಾರ ಅಕ್ಕನದೂ ಅಲ್ಲ. ಮಧ್ಯಾಹ್ನ ಮೆಲೆನೈಟೆ ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅರ್ಧ ಊರು ನೋಡುತ್ತ ನಿಂತಿತ್ತಂತೆ. 'ಮುಖಂಡರನ್ನ ಯಾವ ದ್ವೀಪಕ್ಕೆ ರವಾನೆ ಮಾಡ್ತಿದೀರಿ?' ಎಂದು ಒಬ್ಬ ಕೇಳಿದನಂತೆ. ಅವಳು ಓಡಿಬಂದು ಹೇಳಿದ ಅಂಕಿ ನೂರ ಇಪ್ಪತ್ತೇಳು.

ಒಂಬತ್ತು ಕೇಜಿ ನೀರು.

ಲೆಸಿಯೇಲಿ ಡಾಕ್ಟರಿಗೆ ಫೋನ್ ಹಚ್ಚಿದಳು. ಹಲಾಪುವಾ ಎಲ್ಲ ಕೇಳಿಸಿಕೊಂಡು, "ಕೂತಲ್ಲೇ ಏದುಸಿರು ಬಿಡ್ತಿದಾರಾ?" ಎಂದರು.

"ಕುರ್ಚೀಲಿ ಕೂತೇ ನಿದ್ದೆ ಮಾಡ್ತಾನಂತೆ. ಅದಕ್ಕೇ ದಿಂಬೆಲ್ಲ ನನಗೆ ಕಳಿಸಿದ್ದು."

"ಇಲ್ಲಿಗೆ ಕಳಿಸು ಅನ್ನೋಣ ಅಂದ್ರೆ ಗುರುವಾರದ ತನಕ ಗಾಳಿ ಇಳಿಯಲ್ವಂತೆ. ವಿಮಾನ ಇಲ್ಲ, ಹಡಗು ಇಲ್ಲ. ಲೆಸಿಯೇಲಿ, ಎಕೋ ಮಾಡಿ ಎರಡು ವಿಷಯ ಹೇಳು. ಹೃದಯದ ಸುತ್ತ ನೀರು ಕಟ್ಟಿದೆಯಾ? ಎಡಗೋಣೆ ತುದೀಲಿ ರಕ್ತ ಹೆಪ್ಪುಗಟ್ಟಿದೆಯಾ? ಎರಡೂ ಇಲ್ಲ ಅಂದ್ರೆ ನೀರಿಳಿಸೋ ಮಾತ್ರೆ ಧೈರ್ಯವಾಗಿ ಏರಿಸ್ತೀನಿ. ಇದ್ರೆ ದಾರಿ ಬೇರೆ. ನೋಡದೆ ಕೊಟ್ಟು ಎಡವಟ್ಟಾದ್ರೆ ಗುರುವಾರದ ತನಕ ಉಳಿಯಲ್ಲ."

"ಡಾಕ್ಟ್ರೇ, ಅವನು ನನ್ನ ತಮ್ಮ."

ಹಲಾಪುವಾ ಕೂಡ ಟೋಂಗಾದ ಹೆಣ್ಣುಮಗಳೇ, ಬಿಡಿಸಿ ಹೇಳಬೇಕಾಗಿರಲಿಲ್ಲ. "ನನಗೂ ಮೂವರು ಅಣ್ಣಂದಿರಿದಾರೆ ಮಾರಾಯ್ತಿ," ಎಂದರು. "ಆದ್ರೆ ಆ ದ್ವೀಪದಲ್ಲಿ ಎಕೋ ಕಲಿತಿರೋಳು ನೀನೊಬ್ಳೇ."

ನಿಜ. ಶಾಲೆ ಮಕ್ಕಳ ಹೃದಯ ನೋಡಲೆಂದು ಅವಳನ್ನು ಆರು ವಾರ ರಾಜಧಾನಿಯಲ್ಲಿ ಕೂರಿಸಿ ಕಲಿಸಿದ್ದರು. ಸಾವಿರಾರು ಮಕ್ಕಳ ಎದೆ ನೋಡಿದ್ದಾಳೆ. ಪಾದ್ರಿಯ ಎದೆ ನೋಡಿದ್ದಾಳೆ. ಜಗತ್ತಿನಲ್ಲಿ ನೋಡಬಾರದ ಎದೆ ಒಂದೇ ಒಂದಿತ್ತು, ಕೆಡಬೇಕಾದದ್ದೂ ಅದೇ ಆಗಬೇಕೆ! ಮೆಲೆನೈಟೆಯ ಮೂಲಕ ಕೇಳಿಸಿದರೆ, 'ಅಕ್ಕನ ಮುಂದೆ ಅಂಗಿ ಬಿಚ್ಚುವುದಕ್ಕಿಂತ ಅಪ್ಪನ ಪಕ್ಕ ಮಲಗುತ್ತೇನೆ' ಎಂಬ ಉತ್ತರ ಬಂತು. ಅಪ್ಪ ಮಲಗಿರುವುದು ಚರ್ಚಿನ ಹಿಂದಿನ ಮರಳಿನಲ್ಲಿ.

"ಹಾಗೇ ಬಿಟ್ರೆ ಮಲಗ್ತಾನೆ, ಅನುಮಾನ ಬೇಡ," ಎಂದು ಲೆಸಿಯೇಲಿ ಗುಡುಗಿದಳು. ಗುಡುಗುತ್ತಲೇ ಅವಳ ಕಣ್ಣು ತಮ್ಮನ ನಡುಮನೆಯ ಗೋಡೆಗೆ ತೂಗುಬಿಟ್ಟ ದೊಡ್ಡ ತೊಗಟೆಬಟ್ಟೆಯ ಮೇಲೆ ಬಿತ್ತು. ಮದುವೆಗೆ, ಸಾವಿಗೆ ಹಾಸುವ ಬಟ್ಟೆ. "ಮೆಲೆನೈಟೆ, ಅದನ್ನ ಇಳಿಸು. ಕೋಣೆಗೆ ಅಡ್ಡ ಕಟ್ಟು. ಎಕೋ ಯಂತ್ರ ಕೇಂದ್ರದಿಂದ ಇಲ್ಲಿಗೇ ತರಿಸ್ತೀನಿ. ಆ ಕಡೆ ಅವನು, ಈ ಕಡೆ ಯಂತ್ರದ ಪರದೆ ನೋಡ್ಕೊಂಡು ನಾನು. ಎದೆ ಮುಟ್ಟೋಳು ನೀನು."

"ನಾನಾ! ನನಗೇನು ಗೊತ್ತು ಅಕ್ಕಾ?"

"ನಾನು ಹೇಳಿದ ಕಡೆ ಒತ್ತೋದು, ಅಷ್ಟೇ."

ಪ್ರೋಬ್ ಎಂದರೆ ಹಿಡಿಯುವುದಕ್ಕೆ ಸೌಟಿನ ಹಿಡಿಯಂಥದ್ದು, ಉದ್ದನೆಯ ತಂತಿಯಿಂದ ಯಂತ್ರಕ್ಕೆ ಸೇರಿಕೊಂಡಿರುತ್ತದೆ. ಮೆಲೆನೈಟೆ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಮೊದಲು ನಿಮ್ಮ ಮೇಲೆ ಅಭ್ಯಾಸ ಮಾಡ್ಲಾ?" ಎಂದಳು.

"ನನ್ನ ಮೇಲೆ ಬೇಡ," ಎಂದು ಲೆಸಿಯೇಲಿ ಥಟ್ಟನೆ ಅಂದಳು. "ನಿನ್ನ ಮೇಲೇ ಮಾಡ್ಕೋ."

ಮುಕ್ಕಾಲು ಗಂಟೆ ಕಲಿಸಿದ್ದಾಯಿತು. ಆಮೇಲೆ ಸೊಸಾಯಿಯಾ ಹಿಂಬಾಗಿಲಿನಿಂದ ಬಂದು ಬಟ್ಟೆಯ ಆ ಕಡೆ ಚಾಪೆಯ ಮೇಲೆ ಒರಗಿದ. ಅವನ ಉಸಿರು ತೊಗಟೆಬಟ್ಟೆಯ ಈ ಕಡೆಗೂ ಕೇಳುತ್ತಿತ್ತು.

"ಎಡ ಮಗ್ಗುಲಿಗೆ ತಿರುಗಿಸು. ಎಡ ಅಂದ್ರೆ ಅವನ ಎಡ ಕಣೇ! ಹಾಂ. ಈಗ ಮೊಲೆ ತೊಟ್ಟಿನ ಕೆಳಗೆ ಒತ್ತು."

ಪರದೆಯ ಮೇಲೆ ಬೂದುಬಣ್ಣದ ಒಂದು ಮುದ್ದೆ ಕಂಡಿತು.

"ಅದು ಲಿವರು. ಮೇಲೆ ಬಾ. ಇನ್ನೂ ಮೇಲೆ. ಈಗ ಪಕ್ಕೆಲುಬು. ಅಯ್ಯೋ, ಇಪ್ಪತ್ತೈದು ವರ್ಷ ಸಂಸಾರ ಮಾಡಿದೀಯ, ಗಂಡನ ಗುಂಡಿಗೆ ಎಲ್ಲಿದೆ ಅಂತ ಗೊತ್ತಿಲ್ವೇನೇ ನಿನಗೆ?"

ಬಟ್ಟೆಯ ಆ ಕಡೆಯಿಂದ ಗೊರಗೊರ ಎಂದು ನಗು ಬಂತು. ನಗು ಕೆಮ್ಮಾಯಿತು, ಕೆಮ್ಮಿನ ಜೊತೆ ಪ್ರೋಬ್ ಒಂದಿಷ್ಟು ಜಾರಿತು, ಜಾರಿದ ಕಡೆಯೇ ಹೃದಯ ಸಿಕ್ಕಿತು.

"ಅಲ್ಲಾಡಬೇಡ. ಅಲ್ಲೇ ಹಿಡ್ಕೋ," ಎಂದಳು ಲೆಸಿಯೇಲಿ.

ಅವನ ಬರಿ ಎದೆಯನ್ನು ಕಂಡು ನಲವತ್ತು ವರ್ಷವಾಗಿತ್ತು. ಕೆರೆದ ಮೊಣಕಾಲು, ಸಮುದ್ರದಲ್ಲಿ ಮುಳುಗೇಳುತ್ತಿದ್ದ ತಲೆ, ಅಷ್ಟೇ ಅವಳಿಗೆ ನೆನಪಿದ್ದದ್ದು. ಈಗ ಕಣ್ಣೆದುರಿಗೆ ಅವನ ಹೃದಯವೇ ಇತ್ತು. ಊದಿದ ಚೀಲದಂಥ ಎಡಗೋಣೆ, ಹಿಂಡಲು ನೋಡುತ್ತದೆ, ಆಗುವುದಿಲ್ಲ, ಮತ್ತೆ ನೋಡುತ್ತದೆ. ಬಿಡುವುದಂತೂ ಇಲ್ಲ. ಇಷ್ಟರಲ್ಲೇ ಈ ಮನುಷ್ಯ ಪ್ರತಿ ಭಾನುವಾರ ಎದ್ದು ನಿಂತು ನಲವತ್ತು ಜನರನ್ನು ಹಾಡಿಸಿದನೇ ಎಂದು ಅವಳಿಗೆ ಅಳು ಬಂತು. ಸದ್ದಾಗದಂತೆ ಅತ್ತಳು, ಅಳುತ್ತಲೇ ಅಳತೆ ತೆಗೆದಳು. ತುದಿಯಲ್ಲಿ ಹೆಪ್ಪಿಲ್ಲ. ಸುತ್ತ ನೀರಿಲ್ಲ. ನೂರಕ್ಕೆ ಇಪ್ಪತ್ತು.

ಫೋನಿನಲ್ಲಿ ಹಲಾಪುವಾ ನಿಟ್ಟುಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿತು. ನೀರಿಳಿಸುವ ಮಾತ್ರೆ ಬೆಳಗ್ಗೆ ಎರಡು, ಮಧ್ಯಾಹ್ನ ಎರಡು. ಕಾವಾ ಒಂದು ಚಿಪ್ಪೂ ಇಲ್ಲ. ಉಪ್ಪು ಹಾಕಿದ ದನದ ಮಾಂಸದ ಬಕೆಟ್ಟು ಇವತ್ತೇ ಮನೆಯಿಂದ ಹೊರಗೆ. ದಿನಾ ಹಡಗುಕಟ್ಟೆಯ ತಕ್ಕಡಿ. ಗುರುವಾರ ವಿಮಾನ. "ಇನ್ನೊಂದು," ಎಂದರು. "ಮನೆಯವರ ಪಟ್ಟಿ ಇದೆಯಲ್ಲ, ಒಡಹುಟ್ಟಿದವರು, ಮಕ್ಕಳು, ಅದನ್ನ ಒಂದ್ಸಲ ಓದಿಬಿಡು."

ಪಟ್ಟಿಯಿದ್ದ ಕಡತ ಮೆಲೆನೈಟೆಯ ಮೊಣಕಾಲ ಬಳಿ ಇತ್ತು. ಅವಳೇ ತೆಗೆದು ಓದಿದಳು. ಮೂವರು ಮಕ್ಕಳು, ಮೂರು ತಾರೀಕು, ಮೂವರದೂ ಸರಿಯಿದೆ. "ಲೆಸಿಯೇಲಿ, ಅಕ್ಕ, ಐವತ್ನಾಲ್ಕು ವರ್ಷ. ಸರಿಯಿದೆ."

"ಒಳ್ಳೇದಾಯ್ತು," ಎಂದು ಡಾಕ್ಟರು ಫೋನಿಟ್ಟರು.

ಮೆಲೆನೈಟೆ ಕಡತ ಮುಚ್ಚಲಿಲ್ಲ. ಬಟ್ಟೆಯ ಅಂಚನ್ನು ಸರಿಸಿ ಈ ಕಡೆ ಬಂದು ಕೂತಳು. "ಅಕ್ಕಾ, ನಿಮ್ಮ ಮುಂದೆ ತಾರೀಕು ಇಲ್ಲ."

"ಬರೆಯೋಕೆ ಮರೆತಿರ್ಬೇಕು."

"ಯಾರು ನೋಡಿದ್ರು?"

"ಯಾರು ಅಂದ್ರೆ? ಇಲ್ಲಿ ಎಕೋ ಮಾಡೋಳು ನಾನೊಬ್ಳೇ."

"ನಿಮ್ಮ ಎದೆ ನೀವೇ ನೋಡ್ಕೊಂಡ್ರಾ?"

"ಪುರುಸೊತ್ತೆಲ್ಲಿತ್ತು ನನಗೆ?" ಲೆಸಿಯೇಲಿಯ ಧ್ವನಿ ಏರಿತು. "ನಿಮ್ಮ ಹಿಂದೆ ಓಡೋದೇ ಆಗಿದೆ. ನನಗೇನಾಗಿದೆ? ಗಟ್ಟಿಮುಟ್ಟಾಗಿದೀನಿ."

ಮೆಲೆನೈಟೆ ಎದುರು ಮಾತಾಡಿದವಳಲ್ಲ. ನೂರ ಹದಿನೆಂಟರ ಪುಸ್ತಕವನ್ನು ತಂದು, ಕಡತದ ಪಕ್ಕದಲ್ಲಿ ಬಿಚ್ಚಿಟ್ಟಳು.

ಲೆಸಿಯೇಲಿ ಎರಡನ್ನೂ ನೋಡಿದಳು. ನೋಡದೆಯೇ ಬರೆದ ಅಂಕಿ ಅಲ್ಲಿ, ನೋಡದೆಯೇ ಬರೆದ ಮಾತು ಇಲ್ಲಿ. ಬೇಜಾರಾಗಬಾರದೆಂದು ಮೆಲೆನೈಟೆ ಬರೆದಳು, ತಾನು ಬರೆದದ್ದು ಹೆದರಿಕೆಯಿಂದ. ಈಸ್ಟರ್ ಕಳೆದ ಮೇಲೆ ಪ್ರತಿ ಏರಿನಲ್ಲೂ ಅವಳಿಗೆ ನಿಲ್ಲಬೇಕೆನಿಸುತ್ತಿತ್ತು. ಪ್ರತಿ ಸಲವೂ ನೋಡುವುದಕ್ಕೆ ಒಂದು ಮರವೋ ಸಮುದ್ರವೋ ಸಿಗುತ್ತಿತ್ತು.

ಬಟ್ಟೆಯ ಆಚೆ ಸೊಸಾಯಿಯಾ ಕಷ್ಟಪಟ್ಟು ಎದ್ದ ಸದ್ದಾಯಿತು. "ಮೆಲೆನೈಟೆ," ಎಂದು ಹೆಂಡತಿಯನ್ನು ಕರೆದ, "ನಾನು ಅಂಗಳದ ತುದೀಲಿ ಕೂತಿರ್ತೀನಿ, ಆ ಕಡೆ ಮುಖ ಮಾಡ್ಕೊಂಡು. ಆ ಯಂತ್ರ ಈಗಲೇ ಆರಿಸಬೇಡ." ಅಷ್ಟು ಹೇಳಿ ಹಿಂಬಾಗಿಲಿನಿಂದ ಹೊರಗೆ ಹೋದ. ಅಕ್ಕನ ಹೆಸರೆತ್ತಲಿಲ್ಲ, ಮೈಯ ಮಾತೆತ್ತಲಿಲ್ಲ. ಅವನ ಮೇಲೆ ತಪ್ಪು ಹೊರಿಸಲು ಲೆಸಿಯೇಲಿಗೆ ಒಂದು ಎಳೆಯೂ ಸಿಗಲಿಲ್ಲ.

"ಮಲಕ್ಕೊಳಿ ಅಕ್ಕಾ. ಎಡ ಮಗ್ಗುಲು," ಎಂದಳು ಮೆಲೆನೈಟೆ. "ನಿಮ್ಮ ಎಡ."

ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಲೆಸಿಯೇಲಿ ಮಲಗಿದಳು. ಈ ಸಲ ಮೆಲೆನೈಟೆಗೆ ಲಿವರು ಸಿಗಲಿಲ್ಲ, ಪಕ್ಕೆಲುಬೂ ಸಿಗಲಿಲ್ಲ, ಮೊದಲ ಏಟಿಗೇ ಹೃದಯ ಸಿಕ್ಕಿಬಿಟ್ಟಿತು. ತಮ್ಮನದರಷ್ಟು ಹಿಗ್ಗಿರಲಿಲ್ಲ. ಆದರೆ ಮನೆತನದ ಹೋಲಿಕೆ ಇತ್ತು. ಲೆಸಿಯೇಲಿ ಮೂರು ಸಲ ಅಳೆದಳು, ಮೂರು ಸಲವೂ ನೂರಕ್ಕೆ ನಲವತ್ತರ ಆಸುಪಾಸಿಗೇ ಬಂತು. ಎದ್ದು ಕೂತು, ಕಡತದಲ್ಲಿ 'ಸರಿಯಿದೆ' ಎಂಬುದರ ಮೇಲೆ ಗೆರೆ ಎಳೆದು, ಅಂಕಿ ಬರೆದಳು, ತಾರೀಕು ಹಾಕಿದಳು. ಮತ್ತೆ ಡಾಕ್ಟರಿಗೆ ಫೋನ್ ಹಚ್ಚಿದಳು. ಅವಳು ರೋಗಿಗಳಿಗೆ ಬೈಯುತ್ತಿದ್ದ ಬೈಗುಳಗಳನ್ನೆಲ್ಲ ಹಲಾಪುವಾ ಒಂದೂ ಬಿಡದೆ ಅವಳಿಗೇ ಬೈದರು.

ಬುಧವಾರ ಬೆಳಗ್ಗೆ ಮೆಲೆನೈಟೆ ಲೆಸಿಯೇಲಿಯ ಮನೆಗೆ ಬಂದಳು. ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಲೇಸು ಸುತ್ತಿದ ತೂಕದ ಮಷೀನು.

"ಹಡಗುಕಟ್ಟೆಗೆ ಹೋಗಿದ್ವಿ ಅಕ್ಕಾ. ನೂರ ಇಪ್ಪತ್ನಾಲ್ಕೂವರೆ. ರಾತ್ರಿ ಚಾಪೆ ಮೇಲೆ ಮಲಗಿದ್ರು, ಎರಡೇ ದಿಂಬು. ನಾನೇ ಎಣಿಸಿದೆ."

"ಕಾವಾ?"

"ಕರೆಯೋಕೆ ಬಂದಿದ್ರು. ಅಕ್ಕ ಬೇಡ ಅಂದಿದ್ದಾಳೆ ಅಂದ್ರು. ಅದಕ್ಕೆ ಯಾರೂ ಎದುರಾಡಲಿಲ್ಲ."

ಲೆಸಿಯೇಲಿ ಬೆರಗಾದಳು. ಇಷ್ಟು ಸಲೀಸಾದ ದಾರಿಯೊಂದು ಕಾಲಡಿಯಲ್ಲೇ ಇತ್ತಲ್ಲ ಎಂದು ಮತ್ತೆ ರೇಗಿತು. ಮೆಲೆನೈಟೆ ಲೇಸನ್ನು ಮಡಿಸಿ ಪಕ್ಕಕ್ಕಿಟ್ಟು, ಮಷೀನನ್ನು ಸಮನೆಲ ನೋಡಿ ಇಟ್ಟಳು. ಪುಸ್ತಕದಲ್ಲಿ ಹೊಸ ಪುಟ ತೆಗೆದಳು. ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದು ಎರಡು ಭಾಗ ಮಾಡಿತ್ತು.

"ಇದೇನು?"

"ಒಂದು ಅವರದು. ಒಂದು ನಿಮ್ಮದು."

"ಅಕ್ಕನ ತೂಕ ಕೇಳೋಕೆ ನಾಚಿಕೆ ಆಗಲ್ವಾ ಅವನಿಗೆ?"

"ಅವರು ಕೇಳಲಿಲ್ಲ ಅಕ್ಕಾ. ಬೆಳಗ್ಗೆ ಗೆರೆ ಮಾತ್ರ ಎಳೆದುಕೊಟ್ರು."

ಲೆಸಿಯೇಲಿ ಗೊಣಗುತ್ತ ಚಪ್ಪಲಿ ಬಿಟ್ಟಳು. ಮಷೀನಿನ ಮೇಲೆ ಹತ್ತಿ ನಿಂತಳು. ಮುಳ್ಳು ತೂಗಾಡುತ್ತಿರುವಾಗಲೇ ಅಭ್ಯಾಸದಂತೆ, "ತೊಂಬತ್ತೆರಡು ಅಂತ ಬರ್ಕೋ, ಯಾವಾಗಲೂ ಅಷ್ಟೇ ಇರೋದು," ಎಂದಳು.

ಮೆಲೆನೈಟೆ ಬರೆಯಲಿಲ್ಲ. ಪೆನ್ನು ಹಿಡಿದುಕೊಂಡೇ ನೆಲಕ್ಕೆ ಬಗ್ಗಿ, ಮುಳ್ಳು ನಿಲ್ಲುವವರೆಗೆ ಕಾದಳು.

"ತೊಂಬತ್ತಾರು ಅಕ್ಕಾ," ಎಂದಳು.